ಹೆಂಡತಿ ಕಡೆಯವರು ಮತ್ತು ಒಂದು ಲಕ್ಷ ಡಾಲರಿನ ಕಾಗದ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಯಲ್ಲಿ ಮಕ್ಕಳ ಜೊತೆ ಕೂತು ನೋಡಬಹುದಾದ ಹಳೆಯ ನಗೆಚಿತ್ರಗಳ ಪಟ್ಟಿಯೊಂದನ್ನು ನಿಮ್ಮ ಭಾನುವಾರದ ಪುರವಣಿ ಪ್ರಕಟಿಸಿತ್ತು. ಎಲ್ಲರಿಗೂ ಗೊತ್ತಿರುವ ಹೆಸರುಗಳ ನಡುವೆ ಅಮೆರಿಕದ ಮೂಕಿ ಕಾಲದ ನಗೆನಟ ಬಸ್ಟರ್ ಕೀಟನ್‌ನ 'ಮೈ ವೈಫ್ಸ್ ರಿಲೇಷನ್ಸ್' ಕೂಡ ಇದ್ದದ್ದು ಸಂತೋಷ. ಕೀಟನ್ ಅಭಿಮಾನಿಗಳೂ ಇದನ್ನು ಮರೆತಿರುತ್ತಾರೆ. ಆದರೆ ಅದರ ಮುಂದೆ ಅಚ್ಚಾದ ಒಂದು ಸಾಲು ಹೀಗಿತ್ತು: 'ಆಸ್ತಿ ಕಳೆದುಕೊಂಡ ಬಡಪಾಯಿಯ ಕಥೆ, 20 ನಿಮಿಷ.' ಕಥೆಯೂ ತಪ್ಪು, ನಿಮಿಷವೂ ತಪ್ಪು. ನಿಮಿಷ ತಪ್ಪಾಗಿದ್ದಕ್ಕೆ ಕಾರಣವಿದೆ. ಆ ಕಾರಣ ತಿಳಿಯದೆ ಈ ಚಿತ್ರವನ್ನು ಶಾಲೆಯಲ್ಲೋ ಗ್ರಂಥಾಲಯದಲ್ಲೋ ತೋರಿಸಿದರೆ ಯಾರೂ ನಗುವುದಿಲ್ಲ; 'ಹಳೇ ಕಾಲದ್ದು, ಅಷ್ಟೇ' ಎಂದು ಎದ್ದು ಹೋಗುತ್ತಾರೆ. ಪಟ್ಟಿ ನೋಡಿ ತೋರಿಸಲು ಹೊರಟವರಿಗೆ ಉಪಯೋಗವಾಗಲೆಂದು ಈ ಪತ್ರ. ಉದ್ದವಾಗಿದೆ, ಕತ್ತರಿಸುವುದಿದ್ದರೆ ದಯವಿಟ್ಟು ಲೆಕ್ಕಗಳನ್ನು ಬಿಟ್ಟು ಉಳಿದದ್ದನ್ನು ಕತ್ತರಿಸಿ.

ಮೊದಲು ಕಥೆ. ಅಮೆರಿಕದ ಒಂದು ದೊಡ್ಡ ನಗರ, ವಲಸೆ ಬಂದವರ ಬೀದಿ. ಪೋಲಿಷ್ ಬಿಟ್ಟು ಬೇರೆ ಭಾಷೆ ಬಾರದ ನ್ಯಾಯಾಧೀಶನೊಬ್ಬ ಮದುವೆಯಾಗಲು ಬರಬೇಕಾದ ಜೋಡಿಯ ದಾರಿ ಕಾಯುತ್ತಿದ್ದಾನೆ. ಅದೇ ಹೊತ್ತಿಗೆ ಬೀದಿಯಲ್ಲಿ ಒಂದು ಕಿಟಕಿ ಗಾಜು ಒಡೆಯುತ್ತದೆ. ಒಡೆದವನು ಇವನೇ ಎಂದು ಧಡೂತಿ ಐರಿಷ್ ಹೆಂಗಸೊಬ್ಬಳು ಬಸ್ಟರನ ಕತ್ತಿನಪಟ್ಟಿ ಹಿಡಿದು ನ್ಯಾಯಾಧೀಶನ ಮುಂದೆ ಎಳೆದು ತರುತ್ತಾಳೆ. ಆಕೆ ಕೇಳುವುದು ಶಿಕ್ಷೆ, ಆತ ಮಾಡುವುದು ಮದುವೆ. ಹೊರಗೆ ಬರುವಾಗ ಇಬ್ಬರೂ ಗಂಡ ಹೆಂಡಿರು. ಮನೆಯಲ್ಲಿ ಆಕೆಯ ಅಪ್ಪ, ನಾಲ್ವರು ಅಣ್ಣತಮ್ಮಂದಿರು. ಒಬ್ಬೊಬ್ಬನೂ ಬಾಗಿಲಿನಷ್ಟು. ಊಟಕ್ಕೆ ಕೂತರೆ ಇವನ ತಟ್ಟೆಗೆ ಏನೂ ಬರುವುದಿಲ್ಲ, ಮಲಗಿದರೆ ಹೆಂಡತಿ ನಿದ್ದೆಯಲ್ಲೇ ಕೈ ಬೀಸುತ್ತಾಳೆ. ಇಷ್ಟರಲ್ಲಿ ಇವನ ಜೇಬಿನಲ್ಲಿ ಒಂದು ಕಾಗದ ಸಿಗುತ್ತದೆ: ನಿಮಗೆ ಒಂದು ಲಕ್ಷ ಡಾಲರ್ ಆಸ್ತಿ ಬಂದಿದೆ. ಅಲ್ಲಿಂದ ಮನೆಯವರ ಬಣ್ಣವೇ ಬೇರೆ. ಎಲ್ಲರೂ ದೊಡ್ಡ ಮನೆಗೆ ಹೋಗುತ್ತಾರೆ, ಪಾರ್ಟಿ ನಡೆಸುತ್ತಾರೆ. ಕಡೆಗೆ ಕಾಗದ ಇವನದಲ್ಲ, ಬೇರೆ ಯಾರದೋ ಎಂದು ಗೊತ್ತಾಗುತ್ತದೆ. ಆಮೇಲೆ ಓಟ.

ಅಂದಮೇಲೆ ಬಸ್ಟರ್ ಆಸ್ತಿ ಕಳೆದುಕೊಳ್ಳುವುದು ಎಲ್ಲಿ? ಅವನಿಗೆ ಆಸ್ತಿ ಬಂದೇ ಇಲ್ಲ. ಮಿಠಾಯಿ ಎಳೆಯುವ ಕೆಲಸದ ಬಸ್ಟರನಿಗೂ ಅಂಚೆಯವನಿಗೂ ನಡೆದ ಕಿತ್ತಾಟದಲ್ಲಿ ಇನ್ನೊಬ್ಬರ ಕಾಗದ ಇವನ ಬಳಿ ಉಳಿದುಬಿಟ್ಟಿತು, ಅಷ್ಟೆ. ನಷ್ಟ ಯಾರಿಗಾದರೂ ಆಗಿದ್ದರೆ ಕಾಗದ ಕೈಸೇರದ ಆ ನಿಜವಾದ ವಾರಸುದಾರನಿಗೆ. ಇದು ಕೂದಲು ಸೀಳುವ ವಾದವಲ್ಲ. 'ಆಸ್ತಿ ಕಳೆದುಕೊಂಡವನು' ಎಂದು ಮೊದಲೇ ಹೇಳಿಬಿಟ್ಟರೆ ನೋಡುವವರು ಅಯ್ಯೋ ಪಾಪ ಎನ್ನಲು ತಯಾರಾಗಿ ಕೂರುತ್ತಾರೆ. ಚಿತ್ರ ಕೇಳುವುದು ಅದನ್ನಲ್ಲ. ಕಾಗದಕ್ಕೆ ಮುಂಚೆ, ಕಾಗದದ ಜೊತೆ, ಕಾಗದದ ನಂತರ ಅದೇ ಆರು ಜನ ಅದೇ ಒಬ್ಬನನ್ನು ಹೇಗೆ ನೋಡುತ್ತಾರೆ ಎಂಬುದನ್ನು ಗಮನಿಸಿ ಎನ್ನುತ್ತದೆ. ಅಳಿಯ ಅಲ್ಲ ಮಗಳ ಗಂಡ ಎಂಬ ನಮ್ಮ ಗಾದೆ ಎರಡೂ ಒಂದೇ ಎನ್ನುತ್ತದಲ್ಲ, ಇಲ್ಲಿ ಎರಡೂ ಬೇರೆ ಬೇರೆ. ಮೊದಲರ್ಧದಲ್ಲಿ ಬಸ್ಟರ್ ಬರೀ ಮಗಳ ಗಂಡ. ಕಾಗದ ಓದಿದ ಮರುಗಳಿಗೆಯಿಂದ ಅಳಿಯ.

ಹಣದ ಗಾತ್ರವನ್ನೂ ಒಂದು ಮಾತಿನಲ್ಲಿ ಹೇಳಿದರೆ ಒಳ್ಳೆಯದು. ಲಕ್ಷ ಎಂದರೆ ಇಂದು ನಮ್ಮ ಮಕ್ಕಳಿಗೆ ಫೋನಿನ ಬೆಲೆ. 1922ರಲ್ಲಿ ಫೋರ್ಡ್ ಕಂಪನಿಯ ಅತಿ ಅಗ್ಗದ ಮಾಡೆಲ್ ಟಿ ಕಾರಿಗೆ ಸುಮಾರು 300 ಡಾಲರ್. ಒಂದು ಲಕ್ಷ ಡಾಲರಿಗೆ ಮುನ್ನೂರಕ್ಕೂ ಹೆಚ್ಚು ಕಾರು. ಹೀಗೆ ಹೇಳಿದರೆ ಎರಡನೆಯ ತರಗತಿಯ ಹುಡುಗನಿಗೂ ಅಣ್ಣತಮ್ಮಂದಿರ ಮುಖ ಯಾಕೆ ಹಾಗೆ ಅರಳಿತು ಎಂದು ಗೊತ್ತಾಗುತ್ತದೆ.

ಚಿತ್ರದ ಹಿನ್ನೆಲೆಯ ಬಗ್ಗೆ ನಿಮ್ಮ ಪಟ್ಟಿ ಏನೂ ಹೇಳಿಲ್ಲ. 1920ರಿಂದ 1923ರವರೆಗೆ ಕೀಟನ್ ಸ್ವಂತ ಸ್ಟುಡಿಯೋದಲ್ಲಿ ಮಾಡಿದ ಕಿರುಚಿತ್ರಗಳು ಒಟ್ಟು 19. ಇದು ತೆರೆಕಂಡದ್ದು 1922ರ ಮೇ ತಿಂಗಳಲ್ಲಿ. ಅದೇ ವರ್ಷದ 'ಕಾಪ್ಸ್' ಇದಕ್ಕಿಂತ ಸ್ವಲ್ಪವೇ ಮುಂಚೆ ಬಂದದ್ದು. ಇಡೀ ಊರಿನ ಪೊಲೀಸರು ಅಟ್ಟಿಸಿಕೊಂಡು ಬರುವ ಆ ಚಿತ್ರದ ಹೊಗಳಿಕೆಯಲ್ಲಿ ಇದು ಮರೆಯಾಯಿತು. ನಿರ್ದೇಶನದಲ್ಲಿ ಕೀಟನ್ ಜೊತೆ ಎಡ್ವರ್ಡ್ ಕ್ಲೈನ್. ಹೆಂಡತಿಯಾಗಿ ನಟಿಸಿದ ಕೇಟ್ ಪ್ರೈಸ್ ಐರ್ಲೆಂಡಿನ ಕಾರ್ಕ್‌ನಲ್ಲಿ ಹುಟ್ಟಿದವರು, ಹಾಗಾಗಿ ಆ ಮನೆಯ ಐರಿಷ್‌ತನ ಬರೀ ವೇಷವಲ್ಲ. ಅಣ್ಣತಮ್ಮಂದಿರಲ್ಲಿ ಎಲ್ಲರಿಗಿಂತ ದೊಡ್ಡ ಆಳು ಜೋ ರಾಬರ್ಟ್ಸ್, ಕೀಟನ್‌ನ ಕಾಯಂ ಖಳ. ಇನ್ನೊಬ್ಬ ವ್ಹೀಜರ್ ಡೆಲ್, ಬ್ರೂಕ್ಲಿನ್ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುತ್ತಿದ್ದವನು. ಕೀಟನ್‌ಗೆ ಬೇಸ್‌ಬಾಲ್ ಹುಚ್ಚು ಎಷ್ಟಿತ್ತೆಂದರೆ ಅವನ ಸುತ್ತ ಆಟಗಾರರು ಕಾಣಿಸಿಕೊಳ್ಳುವುದರಲ್ಲಿ ಅಚ್ಚರಿಯಿಲ್ಲ.

ಹೆಂಡತಿ ಕಡೆಯವರ ಕಥೆಯನ್ನು ಕೀಟನ್ ಯಾವಾಗ ಮಾಡಿದ ಎಂಬುದು ಇನ್ನೂ ಸ್ವಾರಸ್ಯ. 1921ರ ಮೇ 31ರಂದು ಅವನ ಮದುವೆ ನಾಟಲಿ ಟಾಲ್ಮಡ್ಜ್ ಜೊತೆ ಆಯಿತು. ನಾಟಲಿಯ ಅಕ್ಕ ನಾರ್ಮಾ, ತಂಗಿ ಕಾನ್‌ಸ್ಟನ್ಸ್, ಇಬ್ಬರೂ ಆ ಕಾಲದ ದೊಡ್ಡ ತಾರೆಯರು. ಕೀಟನ್ ಚಿತ್ರಗಳ ನಿರ್ಮಾಪಕ ಜೋಸೆಫ್ ಶೆಂಕ್ ನಾರ್ಮಾಳ ಗಂಡ, ಎಂದರೆ ಬಸ್ಟರನ ಷಡ್ಡಕ. ಹೆಂಡತಿ ಕಡೆಯವರೇ ಸಂಬಳ ಕೊಡುವವರು! ಮದುವೆಯ ಮೊದಲ ವರ್ಷ ಮುಗಿಯುವ ಹೊತ್ತಿಗೆ ಅದೇ ಷಡ್ಡಕನ ದುಡ್ಡಿನಲ್ಲಿ 'ನನ್ನ ಹೆಂಡತಿಯ ಕಡೆಯವರು' ಎಂಬ ಹೆಸರಿಟ್ಟು ಚಿತ್ರ ಬಿಡುಗಡೆ ಮಾಡಲು ಎದೆ ಬೇಕು. ಆ ಮದುವೆ 1932ರಲ್ಲಿ ಮುರಿಯಿತು, ಇಬ್ಬರು ಮಕ್ಕಳ ಮನೆತನದ ಹೆಸರನ್ನೂ ತಾಯಿಯ ಕಡೆಯದಕ್ಕೆ ಬದಲಾಯಿಸಲಾಯಿತು. ಈ ಕೊನೆಯ ಸಂಗತಿ ಮಕ್ಕಳಿಗೆ ಬೇಡ. ದೊಡ್ಡವರಿಗೆ ಚಿತ್ರ ಮುಗಿದ ಮೇಲೆ ಹೇಳಬಹುದು.

ಇನ್ನು ಕನ್ನಡದ ನೋಡುಗರಿಗೆ ಎಡವುವ ಜಾಗಗಳು. ಮೂಕಿಚಿತ್ರಕ್ಕೆ ಭಾಷೆ ಬೇಡ ಎಂಬ ಮಾತು ಅರ್ಧ ನಿಜ. ಮುಖ, ಮೈ, ಓಟ, ಬೀಳುವುದು ಇವಕ್ಕೆ ಭಾಷೆ ಬೇಡ. ಈ ಚಿತ್ರದ ಮೂರು ದೊಡ್ಡ ನಗೆಗಳಿಗೆ ಮಾತ್ರ ಊರು ಗೊತ್ತಿರಬೇಕು.

ಮೊದಲನೆಯದು ಊಟದ ಮೇಜು. ಮಾಂಸದ ತುಂಡುಗಳೆಲ್ಲ ಅಣ್ಣತಮ್ಮಂದಿರ ಪಾಲಾಗುವ ಹೊತ್ತಿಗೆ ಬಸ್ಟರ್ ಗೋಡೆಯ ಕ್ಯಾಲೆಂಡರನ್ನು ಶುಕ್ರವಾರಕ್ಕೆ ತಂದುಬಿಡುತ್ತಾನೆ. ಅವರು ಅದನ್ನು ನೋಡಿ ಮಾಂಸವನ್ನು ಬಿಟ್ಟುಬಿಡುತ್ತಾರೆ, ಇವನು ಹೊಟ್ಟೆ ತುಂಬ ತಿನ್ನುತ್ತಾನೆ. ಕಾರಣ, ಐರಿಷ್ ಕ್ಯಾಥೊಲಿಕರಿಗೆ ಆಗ ಶುಕ್ರವಾರ ಮಾಂಸ ನಿಷಿದ್ಧವಾಗಿತ್ತು. ವರ್ಷದ ಎಲ್ಲ ಶುಕ್ರವಾರವೂ ಬಿಡಬೇಕೆಂಬ ಆ ಕಟ್ಟಳೆಯನ್ನು ಅಮೆರಿಕದಲ್ಲಿ ಸಡಿಲಿಸಿದ್ದು 1966ರಲ್ಲಿ. ಇದನ್ನು ಹೇಳದಿದ್ದರೆ ನಮ್ಮಲ್ಲಿ ಸಭೆ ಕಕ್ಕಾಬಿಕ್ಕಿ. ಹೇಳಿದರೆ ಬೇರೆಲ್ಲೂ ಸಿಗದಷ್ಟು ನಗು ಇಲ್ಲಿ ಸಿಗುತ್ತದೆ, ಯಾಕೆಂದರೆ ಸೋಮವಾರ, ಶನಿವಾರ ಎಂದು ವಾರ ನೋಡಿ ಮಾಂಸ ಬಿಡುವ ಮನೆಗಳು ನಮ್ಮ ಪ್ರತಿ ಬೀದಿಯಲ್ಲೂ ಇವೆ. ವಿವರಣೆಯನ್ನು ಚಿತ್ರದ ಮಧ್ಯೆ ನಿಲ್ಲಿಸಿ ಕೊಡಬೇಡಿ. ಶುರುವಾಗುವ ಮುಂಚೆ 'ಇವರ ಮನೆಯಲ್ಲಿ ಶುಕ್ರವಾರ ಮಾಂಸ ತಿನ್ನೋದಿಲ್ಲ' ಎಂದು ಒಂದೇ ವಾಕ್ಯ ಹೇಳಿ, ಬೇರೆ ಎರಡು ಸಂಗತಿಗಳ ನಡುವೆ ಸೇರಿಸಿ, ಒತ್ತಿ ಹೇಳದೆ. ಕ್ಯಾಲೆಂಡರಿನ ಮಾತೆತ್ತಿದರೆ ಮುಗಿಯಿತು, ಎಲ್ಲರೂ ಗೋಡೆಯನ್ನೇ ನೋಡುತ್ತಾ ಕೂರುತ್ತಾರೆ.

ಎರಡನೆಯದು ಮನೆಯಲ್ಲಿ ಮಾಡುವ ಬಿಯರು. ಅಮೆರಿಕದಲ್ಲಿ 1920ರ ಜನವರಿ 17ರಿಂದ ಪಾನನಿರೋಧ ಜಾರಿಯಲ್ಲಿತ್ತು, ತೆಗೆದದ್ದು 1933ರ ಡಿಸೆಂಬರಿನಲ್ಲಿ. ಆ ನಡುವೆ ಅಡುಗೆಮನೆಯಲ್ಲಿ ಕದ್ದು ಬಿಯರು ಹಾಕುವುದು ಮನೆಮನೆಯ ಗುಟ್ಟು. ಸಾಮಾನ್ಯ ಅಳತೆ: ಒಂದು ಡಬ್ಬಿ ಮಾಲ್ಟ್ ಪಾಕ, ಐದು ಗ್ಯಾಲನ್ ಎಂದರೆ ಸುಮಾರು 19 ಲೀಟರ್ ನೀರು, ಸಕ್ಕರೆ, ಒಂದೇ ಒಂದು ಬಿಲ್ಲೆ ಯೀಸ್ಟ್. ಚಿತ್ರದಲ್ಲಿ ಯೀಸ್ಟು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಬೀಳುತ್ತದೆ. ನೊರೆ ಮನೆಯನ್ನೇ ತುಂಬುತ್ತದೆ. ಬೇಸಿಗೆಯಲ್ಲಿ ಇಡ್ಲಿ ಹಿಟ್ಟು ರಾತ್ರೋರಾತ್ರಿ ಪಾತ್ರೆಯ ಮುಚ್ಚಳ ಎತ್ತಿ ಕಟ್ಟೆಯ ಮೇಲೆ ಹರಿದದ್ದನ್ನು ಕಂಡವರಿಗೆ ಇದರಲ್ಲಿ ವಿವರಿಸುವುದೇನಿಲ್ಲ. ಅದು ಕಾನೂನಿಗೆ ವಿರುದ್ಧವಾದ ಹಿಟ್ಟು ಎಂದರೆ ಸಾಕು. ವಿಜ್ಞಾನದ ಮೇಷ್ಟರು ಯಾರಾದರೂ ಸಭೆಯಲ್ಲಿದ್ದರೆ ತಕರಾರು ತೆಗೆಯಬಹುದು: ಯೀಸ್ಟ್ ಹೆಚ್ಚಾದರೆ ಹುದುಗುವ ವೇಗ ಹೆಚ್ಚುತ್ತದೆ, ಒಟ್ಟು ಎಷ್ಟು ಅನಿಲ ಹುಟ್ಟುತ್ತದೆಂಬುದು ಸಕ್ಕರೆಯ ಮೇಲೆ ನಿಂತಿರುತ್ತದೆ. ಸರಿಯೇ. ಆದರೆ ನೊರೆ ಉಕ್ಕಲು ವೇಗವೇ ಮುಖ್ಯ. ನಿಧಾನವಾಗಿ ಹುಟ್ಟಿದ ಅನಿಲ ಗುಳ್ಳೆಯೊಡೆದು ಹೋಗುತ್ತದೆ, ಒಮ್ಮೆಗೇ ಹುಟ್ಟಿದ್ದು ಪಾತ್ರೆ ಮೀರುತ್ತದೆ. ಉಳಿದ ಉತ್ಪ್ರೇಕ್ಷೆ ಕೀಟನ್‌ನದು.

ಮೂರನೆಯದು ಕೊನೆಯ ದೃಶ್ಯ. ಇದನ್ನೇ ನಮ್ಮವರು ಹೆಚ್ಚಾಗಿ ತಪ್ಪಿಸಿಕೊಳ್ಳುವುದು. ಬಸ್ಟರ್ ರೈಲಿನ ಹಿಂದಿನ ಜಗಲಿಯಲ್ಲಿ ಕೂತು ಹೋಗುತ್ತಿದ್ದಾನೆ, ರೈಲಿನ ಮೇಲೆ ರೀನೋ ಎಂಬ ಹೆಸರಿದೆ. 'ಯಾವುದೋ ಊರಿಗೆ ಓಡಿಹೋದ' ಎಂದುಕೊಂಡರೆ ಚಿತ್ರ ತಟ್ಟನೆ ಅರ್ಧಕ್ಕೇ ನಿಂತ ಹಾಗೆ ಕಾಣುತ್ತದೆ. ನೆವಾಡಾ ರಾಜ್ಯದ ರೀನೋ ಆಗ ಇಡೀ ದೇಶಕ್ಕೆ ವಿಚ್ಛೇದನದ ಊರು. ನ್ಯೂಯಾರ್ಕಿನಂಥ ರಾಜ್ಯಗಳಲ್ಲಿ ಆಗ ವ್ಯಭಿಚಾರ ಸಾಬೀತಾಗದೆ ವಿಚ್ಛೇದನವಿರಲಿಲ್ಲ. ನೆವಾಡಾದಲ್ಲಿ ಆರು ತಿಂಗಳು ವಾಸವಿದ್ದರೆ ಅಲ್ಲಿನ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಆ ಅವಧಿಯನ್ನು 1927ರಲ್ಲಿ ಮೂರು ತಿಂಗಳಿಗೆ, 1931ರಲ್ಲಿ ಆರು ವಾರಕ್ಕೆ ಇಳಿಸಿದರು. ಭಾಷೆ ಬಾರದ ನ್ಯಾಯಾಧೀಶ ಎರಡು ನಿಮಿಷದಲ್ಲಿ ಮಾಡಿದ ಮದುವೆಯನ್ನು ಬಿಡಿಸಿಕೊಳ್ಳಲು ಇವನು ಆರು ತಿಂಗಳು ಇನ್ನೊಂದು ಊರಿನಲ್ಲಿ ಕೂರಬೇಕು. ಈ ಲೆಕ್ಕ ತಿಳಿದವನಿಗೆ ಆ ನಿರ್ಭಾವದ ಮುಖ ನೋಡಿದರೇ ನಗು. ಕನ್ನಡ ಅಡಿಬರಹದಲ್ಲಿ (ಸಬ್‌ಟೈಟಲಿನಲ್ಲಿ) 'ರೀನೋ' ಎಂದಷ್ಟೇ ಬರೆಯಬೇಡಿ. 'ರೀನೋ: ಡೈವೋರ್ಸಿನ ಊರು' ಎಂದು ಬರೆಯಿರಿ. ಅದು ಅನುವಾದವಲ್ಲ ಎಂದು ಪಂಡಿತರು ಆಕ್ಷೇಪಿಸಬಹುದು. ಆಕ್ಷೇಪಿಸಲಿ.

ಅಡಿಬರಹದ ವಿಷಯ ಬಂತು. ಚಿತ್ರದ ಮೊದಲ ಕಾರ್ಡು (ಮೂಕಿಯಲ್ಲಿ ದೃಶ್ಯಗಳ ನಡುವೆ ಪರದೆಗೆ ಬರುವ ಬರಹ) ವಿದೇಶಿಯರ ಬೀದಿಯ ಬಗ್ಗೆ: ಅಲ್ಲಿ ಎಷ್ಟೊಂದು ಭಾಷೆಗಳಿವೆಯೆಂದರೆ ಜನ ಒಬ್ಬರನ್ನೊಬ್ಬರು ಚೊಕ್ಕವಾಗಿ ತಪ್ಪು ತಿಳಿಯುತ್ತಾರೆ ಎಂಬ ಅರ್ಥ. ಇದನ್ನು ಕನ್ನಡಕ್ಕೆ ತರುವಾಗ 'ವಿದೇಶಿಯರ ಬಡಾವಣೆ' ಎಂದರೆ ರಾಯಭಾರಿಗಳ ಬಂಗಲೆಗಳು ಕಣ್ಣಮುಂದೆ ಬರುತ್ತವೆ. 'ಪರದೇಶಿಗಳ ಬೀದಿ' ಎಂದರೆ ಹೊರದೇಶದವರು ಎಂಬ ಅರ್ಥವೂ ಬಂತು, ದಿಕ್ಕಿಲ್ಲದವರು ಎಂಬುದೂ ಬಂತು. ಇಂಗ್ಲಿಷಿಗೆ ಸಿಗದ ಭಾಗ್ಯ. ಹಾಗೆಯೇ ಹೆಸರನ್ನು 'ನನ್ನ ಪತ್ನಿಯ ಸಂಬಂಧಿಕರು' ಎಂದು ಪುಸ್ತಕದ ಭಾಷೆಯಲ್ಲಿ ಮಾಡಬೇಡಿ; 'ಹೆಂಡತಿ ಕಡೆಯವರು' ಎನ್ನುವಾಗ ಆ 'ಕಡೆ'ಯಲ್ಲೇ ಎರಡು ಪಕ್ಷದ ಜಗಳ ಇದೆ.

ಅಡಿಬರಹದ ಕಡತವನ್ನು (ಯಾವ ಸಾಲು ಯಾವಾಗ ಬರಬೇಕೆಂಬ ಸಾದಾ ಬರಹ) ಎಸ್‌ಆರ್‌ಟಿ ರೂಪದಲ್ಲಿ ನೋಟ್‌ಪ್ಯಾಡಿನಲ್ಲೇ ಬರೆಯಬಹುದು. ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 (ಕನ್ನಡ ಅಕ್ಷರಗಳನ್ನು ಉಳಿಸಬಲ್ಲ ಬಗೆ) ಇರಲೇಬೇಕು. ಆನ್ಸಿ ಎಂಬ ಹಳೆಯ ಬಗೆಯಲ್ಲಿ ಉಳಿಸಿದರೆ ಪರದೆಯ ತುಂಬ ಪ್ರಶ್ನೆಚಿಹ್ನೆ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ವಿಡಿಯೋ ತಂತ್ರಾಂಶ ಬಳಸುವುದಾದರೆ ಹೊಸ ಆವೃತ್ತಿ ಹಾಕಿಕೊಂಡು, ಅಡಿಬರಹದ ಫಾಂಟ್ ಜಾಗದಲ್ಲಿ ನೋಟೋ ಸ್ಯಾನ್ಸ್ ಕನ್ನಡವನ್ನೋ ಬೇರೆ ಯೂನಿಕೋಡ್ ಕನ್ನಡ ಫಾಂಟನ್ನೋ ಆರಿಸಿ. ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಒಡೆದು 'ಹೆಂಡತಿ' ನೆಟ್ಟಗಿದ್ದರೂ 'ನ್ಯಾಯಾಧೀಶ' ಚೂರುಚೂರಾಗುತ್ತಾನೆ. ಪೆನ್‌ಡ್ರೈವ್ ಹಾಕಿ ನೇರ ಟಿವಿಯಲ್ಲಿ ತೋರಿಸುವುದಂತೂ ಜೂಜು, ಎಷ್ಟೋ ಟಿವಿಗಳಿಗೆ ಕನ್ನಡ ಅಡಿಬರಹ ಬರುವುದೇ ಇಲ್ಲ. ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಲ್ಲಿ ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚೊತ್ತಿಸಿ ಒಂದೇ ಕಡತ ಮಾಡಿಕೊಳ್ಳುವುದು ಕ್ಷೇಮ.

ಕನ್ನಡ ಪದಗಳು ಉದ್ದ, ಓದುವ ಮಕ್ಕಳು ನಿಧಾನ. ಪದಕ್ಕೆ ಒಂದು ಸೆಕೆಂಡ್, ಅದರ ಮೇಲೆ ಎರಡು ಸೆಕೆಂಡ್ ಎಂದು ಲೆಕ್ಕ ಹಾಕಿ. ಮೂಲ ಕಾರ್ಡು ಅಷ್ಟು ಹೊತ್ತು ನಿಲ್ಲದಿದ್ದರೆ ಆ ಕಾರ್ಡಿನ ಫ್ರೇಮನ್ನೇ ಹಿಡಿದು ನಿಲ್ಲಿಸಿ ಉದ್ದ ಮಾಡಿ. ಅಡಿಬರಹವನ್ನು ಮುಂದಿನ ದೃಶ್ಯದ ಮೇಲಕ್ಕೆ ಎಳೆದು ತರಬಾರದು. ಕಣ್ಣು ಕೆಳಗೆ ಓದುತ್ತಿರುವಾಗ ಮೇಲೆ ಬಸ್ಟರ್ ಏನು ಮಾಡಿದನೆಂಬುದು ಹೋಯಿತು, ಆ ನಗೆ ಮತ್ತೆ ಬರುವುದಿಲ್ಲ. ಅಡಿಬರಹವೇ ಬೇಡ, ಒಬ್ಬರು ಗಟ್ಟಿಯಾಗಿ ಓದಿಬಿಡಲಿ ಎನ್ನುವುದಾದರೆ ಅದೂ ಚೆನ್ನ. ಮೂಕಿಯ ಕಾಲದಲ್ಲಿ ನಮ್ಮ ದೇಶದ ಥಿಯೇಟರುಗಳಲ್ಲಿ ಕಾರ್ಡು ಓದಿ ಹೇಳುವವರು ಇರುತ್ತಿದ್ದರು. ಕಾರ್ಡು ಪರದೆಗೆ ಬಂದ ಮೇಲೆ ಓದಬೇಕು, ಮುಂಚೆಯಲ್ಲ. ಕಾರ್ಡಿನಲ್ಲಿ ಇಲ್ಲದ ಮಾತು ಸೇರಿಸಬಾರದು. 'ನೋಡಿ ಮಕ್ಕಳೇ, ಈಗ ಏನಾಗುತ್ತೆ ಅಂತ' ಎಂಬ ಮೇಷ್ಟರನ್ನು ದಯವಿಟ್ಟು ಮೈಕಿನ ಹತ್ತಿರ ಬಿಡಬೇಡಿ.

ಈಗ ನಿಮ್ಮ ಪಟ್ಟಿಯ '20 ನಿಮಿಷ'. ಇದು ಎರಡು ರೀಲಿನ ಚಿತ್ರ. ಆ ಕಾಲದ ಒಂದು ರೀಲಿನಲ್ಲಿ ಹೆಚ್ಚೆಂದರೆ 1,000 ಅಡಿ ಫಿಲ್ಮ್, 35 ಮಿಲಿಮೀಟರಿನಲ್ಲಿ ಅಡಿಗೆ 16 ಫ್ರೇಮ್, ಎಂದರೆ 16 ಬಿಡಿ ಚಿತ್ರ. ಎರಡು ರೀಲು ಪೂರ್ತಿ ತುಂಬಿದ್ದರೆ 32,000 ಫ್ರೇಮ್. ಸೆಕೆಂಡಿಗೆ 24ರಂತೆ ಓಡಿಸಿದರೆ 22 ನಿಮಿಷ 13 ಸೆಕೆಂಡ್. 20ರಂತೆ 26 ನಿಮಿಷ 40 ಸೆಕೆಂಡ್. 18ರಂತೆ 29 ನಿಮಿಷ 38 ಸೆಕೆಂಡ್. ಯಾವ ಚಿತ್ರವೂ ಎರಡು ರೀಲನ್ನು ಅಂಚಿನವರೆಗೆ ತುಂಬುವುದಿಲ್ಲ. ಈ ಚಿತ್ರವನ್ನು ಸಾಮಾನ್ಯವಾಗಿ 25 ನಿಮಿಷವೆಂದು ಗುರುತಿಸುತ್ತಾರೆ, ಎಂದರೆ ಹೆಚ್ಚುಕಡಿಮೆ 20ರ ವೇಗ. ಅದೇ 20 ನಿಮಿಷಕ್ಕೆ ಇಳಿದಿದೆ ಎಂದರೆ ಒಂದೋ ತುಣುಕು ಕತ್ತರಿಸಿದ ಪ್ರತಿ, ಇಲ್ಲವೇ 24ರ ವೇಗದಲ್ಲಿ ಓಡುವ ಪ್ರತಿ.

ವೇಗ ಯಾಕೆ ಇಷ್ಟು ಮುಖ್ಯ ಎಂದರೆ, ಕೀಟನ್‌ನ ನಗೆ ಇರುವುದು ಓಟದಲ್ಲಲ್ಲ, ಓಟಕ್ಕೆ ಮುಂಚಿನ ನಿಲುವಿನಲ್ಲಿ. ಊಟದ ಮೇಜಿನಲ್ಲಿ ಅವನು ಸುಮ್ಮನೆ ಕೂತು ನೋಡುತ್ತಾನೆ. ತಲೆಯೊಳಗೆ ಏನೋ ಹೊಳೆಯುತ್ತಿದೆ ಎಂದು ನಮಗೆ ಅನ್ನಿಸಲು ಒಂದೂವರೆ ಎರಡು ಸೆಕೆಂಡ್ ಬೇಕು. ವೇಗ ಹೆಚ್ಚಿದರೆ ಆ ಗಳಿಗೆ ಮೊಟಕಾಗಿ, ಅವನು ಯೋಚಿಸದೆ ಕೈ ಹಾಕಿದ ಹಾಗೆ ಕಾಣುತ್ತದೆ. ಕೈಯಿಂದ ಹಿಡಿಕೆ ತಿರುಗಿಸಿ ಚಿತ್ರೀಕರಿಸುತ್ತಿದ್ದ ಕಾಲವಾದ್ದರಿಂದ ಅಟ್ಟಾಡಿಸುವ ದೃಶ್ಯಗಳನ್ನು ಬೇಕೆಂದೇ ನಿಧಾನ ತಿರುಗಿಸಿ ತೆಗೆಯುವ ರೂಢಿಯಿತ್ತು, ಪರದೆಯ ಮೇಲೆ ಅವು ತಾವಾಗಿಯೇ ಚುರುಕು. ಅದರ ಮೇಲೆ ನಾವೂ ವೇಗ ಹೆಚ್ಚಿಸಿದರೆ ಇರುವೆ ಸಾಲು ಓಡಿದಂತೆ ಆಗುತ್ತದೆ, ಯಾರು ಯಾರನ್ನು ಅಟ್ಟುತ್ತಿದ್ದಾರೆಂದೂ ತಿಳಿಯದು.

ಸರಿಪಡಿಸುವುದು ಸುಲಭ. ಕೈಲಿರುವ ಪ್ರತಿ 24ರ ವೇಗದಲ್ಲಿ ಓಡುತ್ತಿದ್ದರೆ ವಿಎಲ್‌ಸಿಯಲ್ಲಿ ಪ್ಲೇಬ್ಯಾಕ್ ವೇಗವನ್ನು 0.83ಕ್ಕೆ ಇಳಿಸಿ, ಅಲ್ಲಿಗೆ ಸೆಕೆಂಡಿಗೆ 20 ಫ್ರೇಮ್. ಯುರೋಪಿನ ಟಿವಿಗಳ 25ರ ವೇಗದ ಪ್ರತಿಯಾಗಿದ್ದರೆ 0.80. ಆದರೆ ಮೊದಲು ಪರೀಕ್ಷಿಸಿ, ಎಷ್ಟೋ ಡಿಜಿಟಲ್ ಪ್ರತಿಗಳಲ್ಲಿ ಈ ತಿದ್ದುಪಡಿ ಆಗಲೇ ಆಗಿರುತ್ತದೆ. ಜನ ನಡೆಯುವ ದೃಶ್ಯವೊಂದನ್ನು ನಿಲ್ಲಿಸಿ, ಫ್ರೇಮ್ ಒಂದೊಂದಾಗಿ ಮುಂದಕ್ಕೆ ತಳ್ಳಿ. ಪ್ರತಿ ಆರನೆಯ ಫ್ರೇಮು ಅದರ ಹಿಂದಿನದೇ ಮತ್ತೆ ಬಂದದ್ದಾಗಿದ್ದರೆ ಅದು 20ರ ಚಿತ್ರವನ್ನು 24ಕ್ಕೆ ಹಿಗ್ಗಿಸಿದ ಪ್ರತಿ. ಪ್ರತಿ ನಾಲ್ಕನೆಯದು ಹಾಗಿದ್ದರೆ 18ರದ್ದು. ಅಂಥದ್ದನ್ನು ಮತ್ತೆ ನಿಧಾನ ಮಾಡಿದರೆ ಎಲ್ಲರೂ ನೀರಿನೊಳಗೆ ನಡೆದ ಹಾಗೆ ಕಾಣುತ್ತಾರೆ. ಯಾವ ಫ್ರೇಮೂ ಪುನರಾವರ್ತನೆ ಆಗದಿದ್ದರೆ ಮಾತ್ರ ವೇಗ ಇಳಿಸುವ ಯೋಚನೆ ಮಾಡಿ. ವೇಗ ಇಳಿಸಿದಾಗ ಜೊತೆಗಿರುವ ಸಂಗೀತವೂ ಎಳೆಯುತ್ತದೆ, ಅದನ್ನು ಮುಚ್ಚಿಬಿಡಿ.

ಚೌಕಟ್ಟಿನ ತಪ್ಪು ಇನ್ನೂ ಸಾಮಾನ್ಯ. ಮೂಕಿಚಿತ್ರದ ಅಗಲ ಎತ್ತರ 4:3. ಈಗಿನ ಟಿವಿ, ಪ್ರೊಜೆಕ್ಟರು 16:9. ಅಗಲಕ್ಕೆ ಎಳೆದರೆ ಎಲ್ಲರೂ ಮೂರನೇ ಒಂದು ಪಾಲು ದಪ್ಪವಾಗುತ್ತಾರೆ. 5 ಅಡಿ 5 ಅಂಗುಲದ ಸಣಕಲು ಬಸ್ಟರನ ಪಕ್ಕದಲ್ಲಿ ಆ ಹೆಂಡತಿ, ಆ ಜೋ ರಾಬರ್ಟ್ಸ್ ನಿಲ್ಲುವುದೇ ಈ ಚಿತ್ರದ ಅರ್ಧ ಹಾಸ್ಯ; ಅವನನ್ನೂ ದಪ್ಪ ಮಾಡಿಬಿಟ್ಟರೆ ಉಳಿದದ್ದೇನು? ಜೂಮ್ ಮಾಡಿ ಪರದೆ ತುಂಬಿಸಿದರೆ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ, ಮೇಲೆ ಟೋಪಿ ಕೆಳಗೆ ಪಾದ. ಕೀಟನ್ ಇಡೀ ಮೈ ಕಾಣುವಂತೆ ದೂರದಿಂದ ತೆಗೆಯುವವನು, ಅವನ ಪಾದವೂ ನಟಿಸುತ್ತದೆ. ಎರಡು ಪಕ್ಕ ಕಪ್ಪು ಪಟ್ಟಿ ಇರಲಿ, ಯಾರಾದರೂ 'ಪಿಕ್ಚರ್ ಪೂರ್ತಿ ಬರ್ತಿಲ್ಲ' ಎಂದರೆ ಬರುತ್ತಿದೆ ಎಂದು ಹೇಳಿ. ಕೊನೆಯ ಸಾಲು ಪರದೆಯ ಎತ್ತರದ ಆರರಷ್ಟಕ್ಕಿಂತ ಹಿಂದೆ ಹೋಗದಿರಲಿ. ನಾಲ್ಕಡಿ ಎತ್ತರದ ಪರದೆಗೆ 24 ಅಡಿ. ಅದಕ್ಕಿಂತ ದೂರ ಕೂತವರಿಗೆ ಕ್ಯಾಲೆಂಡರೂ ಕಾಣದು, ಕಾಗದವೂ ಕಾಣದು.

ಸಂಗೀತಕ್ಕೆ ಒಂದು ಹಾರ್ಮೋನಿಯಂ, ಒಂದು ತಬಲ ಇದ್ದರೆ ಬೇಕಾದಷ್ಟಾಯಿತು. ಬಿದ್ದಾಗಲೆಲ್ಲ ಢಬ್ ಎನ್ನಿಸುವ ಆಸೆಗೆ ತಬಲದವರು ಬೀಳದಿರಲಿ. ಊಟದ ದೃಶ್ಯದಲ್ಲಿ ಬಸ್ಟರ್ ಸುಮ್ಮನೆ ಕೂತಾಗ ವಾದ್ಯವೂ ಸುಮ್ಮನಾಗಬೇಕು.

ಹಕ್ಕಿನ ಪ್ರಶ್ನೆ ಕೇಳುವವರಿಗೆ: ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಸಿನೆಮಾಗೆ ಪ್ರಕಟವಾದ ಮರುವರ್ಷದಿಂದ 60 ವರ್ಷ. 1922ರ ಚಿತ್ರಕ್ಕೆ ಅದು 1982ಕ್ಕೇ ಮುಗಿದ ಲೆಕ್ಕ. ಅಮೆರಿಕದಲ್ಲೂ ಇದು ಸಾರ್ವಜನಿಕ ಸ್ವತ್ತು. ಆದರೆ ಈಚೆಗೆ ಜೀರ್ಣೋದ್ಧಾರ ಮಾಡಿ ಹೊರತಂದ ಡಿಸ್ಕುಗಳಲ್ಲಿರುವ ಹೊಸ ಸಂಗೀತಕ್ಕೆ ಬೇರೆ ಹಕ್ಕುದಾರರಿದ್ದಾರೆ, ಅದನ್ನು ನಕಲು ಮಾಡಿ ಹಂಚುವ ಹಾಗಿಲ್ಲ. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನೆಮಾಟೋಗ್ರಾಫ್ ಕಾಯ್ದೆಯ ಪ್ರಮಾಣಪತ್ರದ ವಿಚಾರ ಇದರಿಂದ ಬೇರೆಯೇ, ಸಂಘಸಂಸ್ಥೆಗಳು ಅದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಈ ಚಿತ್ರ ಕೀಟನ್‌ನ ಅತ್ಯುತ್ತಮ ಕೃತಿಯೇನಲ್ಲ. ದೊಡ್ಡ ಮನೆಗೆ ಹೋದ ಮೇಲೆ ಕಥೆ ಸಡಿಲವಾಗುತ್ತದೆ, ನೊರೆಯ ದೃಶ್ಯ ಅದನ್ನು ಹೇಗೋ ಎತ್ತಿ ನಿಲ್ಲಿಸುತ್ತದೆ. ಐರಿಷರೆಂದರೆ ಒರಟರು, ದಪ್ಪ ಹೆಂಗಸೆಂದರೆ ನಗೆಪಾಟಲು ಎಂಬ ಆ ಕಾಲದ ಸದರ ಇಲ್ಲೂ ಇದೆ; ಗಂಡ ಹೆಂಡಿರ ಹೊಡೆದಾಟವೂ ತಮಾಷೆಯೇ. ಹತ್ತು ವರ್ಷದೊಳಗಿನ ಮಕ್ಕಳಿಗೆ ತೋರಿಸುವ ಮುಂಚೆ ದೊಡ್ಡವರೊಬ್ಬರು ಪೂರ್ತಿ ನೋಡಿಕೊಂಡಿರಲಿ. ಆದರೂ ಆಸ್ತಿಯನ್ನಿಟ್ಟುಕೊಂಡು ಮಾಡಿದ ಆ ಕಾಲದ ಬೇರೆ ನಗೆಚಿತ್ರಗಳಿಗಿಂತ ಇದು ಒಂದು ಹೆಜ್ಜೆ ಮುಂದೆ. 1920ರಲ್ಲಿ ಹೆರಾಲ್ಡ್ ಲಾಯ್ಡ್‌ನ 'ಹಾಂಟೆಡ್ ಸ್ಪೂಕ್ಸ್' ಬಂತು. ಅಲ್ಲಿ ಗಂಡನೊಡನೆ ವರ್ಷವಿಡೀ ಬಂಗಲೆಯಲ್ಲಿ ಇದ್ದರೆ ಮಾತ್ರ ಹುಡುಗಿಗೆ ಬಂಗಲೆ. ಕೀಟನ್‌ನದೇ 1925ರ 'ಸೆವೆನ್ ಚಾನ್ಸಸ್'ನಲ್ಲಿ ಸಂಜೆ ಏಳರೊಳಗೆ ಮದುವೆಯಾದರೆ ಎಪ್ಪತ್ತು ಲಕ್ಷ ಡಾಲರ್. ಎರಡರಲ್ಲೂ ದುಡ್ಡು ನಿಜ, ಉಯಿಲು ನಿಜ, ಷರತ್ತು ನಿಜ. ಇಲ್ಲಿ ಮಾತ್ರ ದುಡ್ಡೂ ಇಲ್ಲ, ಉಯಿಲೂ ಇಲ್ಲ, ಮದುವೆಯೂ ತಪ್ಪಿ ಆದದ್ದು. ನಿಜವಾಗಿ ಬದಲಾಗುವುದು ಊಟದ ಮೇಜಿನಲ್ಲಿ ಅವನು ಕೂರುವ ಜಾಗ ಒಂದೇ.

ಪಟ್ಟಿಯನ್ನು ಮರುಮುದ್ರಿಸುವುದಿದ್ದರೆ ಆ ಸಾಲನ್ನು ಹೀಗೆ ತಿದ್ದಿಕೊಳ್ಳಲು ಕೋರಿಕೆ: 'ಮೈ ವೈಫ್ಸ್ ರಿಲೇಷನ್ಸ್, 1922, ಸುಮಾರು 25 ನಿಮಿಷ. ಬೇರೆಯವರ ಕಾಗದದ ಬಲದಿಂದ ನಾಲ್ಕು ದಿನ ಅಳಿಯನಾಗಿದ್ದವನ ಕಥೆ. ಶುಕ್ರವಾರದ ವಿಷಯ ಮೊದಲೇ ತಿಳಿದಿರಲಿ.'

ಇತಿ,
ಮೂಕಿಚಿತ್ರಗಳನ್ನು ತೋರಿಸುವ ಕೆಲವು ಗೆಳೆಯರು, ಮೈಸೂರು